ಅಜ್ಜಿಯ ಉದ್ದ ಕಿಲ್ಟೂ ನನ್ನ ಹಸಿರು ದಾರವೂ

ಕಿಲ್ಟ್ ಅಂದರೆ ನಮ್ಮ ಸ್ಕಾಟ್ಲೆಂಡಿನ ಗಂಡಸರು ಉಡುವ, ಮಂಡಿವರೆಗಿನ ನೆರಿಗೆ ಲಂಗ ಅಂದುಕೊಂಡವರು ನಮ್ಮ ಎಫೀ ಅಜ್ಜಿಯ ಕಿಲ್ಟನ್ನು ನೋಡಿಲ್ಲ. ಹಿಮ್ಮಡಿ ಮುಟ್ಟುವ ಉದ್ದ, ಕಡುಹಸಿರು ಟಾರ್ಟನ್ ಚೌಕಳಿ, ಹಿಂಬದಿಗೆ ಮೂವತ್ತೊಂದು ನೆರಿಗೆ! ಇಡೀ ಕ್ರೀಫ್ ಊರಲ್ಲಿ ಅಂಥದ್ದು ಇನ್ನೊಂದಿಲ್ಲ. ಅಜ್ಜಿ ನಲವತ್ತು ವರ್ಷ ಅದನ್ನುಟ್ಟು ಕುಣಿದಿದ್ದಾಳೆ, ಒಂದು ಸಲವೂ ಒಗೆದಿಲ್ಲ. (ಮೂಗು ಮುಚ್ಚಬೇಡಿ. ಉಣ್ಣೆ ಅದು, ಗಾಳಿಗೆ ಹಾಕಿ ಬ್ರಷ್ ಮಾಡಿದರೆ ಸಾಕು.)

ಈಗ ಮಂಡಿನೋವು ಬಂದು ಅಜ್ಜಿ ಕುಣಿತ ಬಿಟ್ಟಳು. ಕಿಲ್ಟ್ ಯಾರಿಗೆ? ನನಗೋ, ಅಣ್ಣನ ಹೆಂಡತಿ ಮೊರಾಗ್‌ಗೋ?

"ನಿನ್ನ ಚಿಕ್ಕಪ್ಪ ಡೂಗಲ್ ಮದುವೆಗೆ ನೀನೇ ಉಡು ಇಶ್ಬೆಲ್," ಅಂದಳು ಅಜ್ಜಿ. "ಇಸ್ತ್ರೀನೂ ನೀನೇ ಮಾಡ್ಬೇಕು. ಕುಣಿದು ಮುಗಿಸೋ ಹೊತ್ತಿಗೆ ಒಂದೇ ಒಂದು ನೆರಿಗೆ ಹಾಳಾದ್ರೂ ಕಿಲ್ಟ್ ಮೊರಾಗ್‌ಗೆ."

"ಹಾಗಾದ್ರೆ ನಂಗೇ ಅಂತ ಬರ್ಕೊಡಿ ಅಜ್ಜಿ," ಅಂದಳು ಮೊರಾಗ್. "ಇವ್ಳಿಗೆ ಕಾಲುಚೀಲ ಜೋಡಿ ಮಾಡೋಕೇ ಬರಲ್ಲ!"

ಅಜ್ಜಿಯ ಇಸ್ತ್ರಿಶಾಸ್ತ್ರ ಸರಳ. ಮೊದಲು ನೆರಿಗೆಗಳು ಅಲುಗಾಡದಂತೆ ಸೊಂಟದ ಕೆಳಗೊಂದು, ಮಂಡಿಗೊಂದು, ಅಂಚಿಗೊಂದು ಸಾಲು ತಾತ್ಕಾಲಿಕ ಹೊಲಿಗೆ, ಬಿಳಿ ದಾರದಲ್ಲಿ. ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ. ಆಮೇಲೆ ದಾರ ಕಿತ್ತುಬಿಡುವುದು.

ಬಿಳಿಯ ಒಂದೇ ಒಂದು ಎಳೆ ಉಳಿದರೂ ಮೊರಾಗ್ ಭೂತಗನ್ನಡಿ ಹಿಡಿದು ಬರುತ್ತಾಳೆ. ಆಗ ನನಗೊಂದು ಮಹದಾಲೋಚನೆ ಹೊಳೆಯಿತು. ಹಸಿರು ದಾರ! ಇರುವೆ ಸಾಲಿನಂಥ ಪುಟ್ಟ ಹೊಲಿಗೆ ಹಾಕಿದೆ. ಎಷ್ಟು ಚೆನ್ನಾಗಿತ್ತೆಂದರೆ ನನಗೇ ಕಾಣುತ್ತಿರಲಿಲ್ಲ.

ಮದುವೆಯ ದಿನ ಗಡಿಬಿಡಿಯಲ್ಲಿ ಕಂಡ ದಾರವನ್ನೆಲ್ಲ ಕಿತ್ತು, ಉಟ್ಟು ಹೊರಟೆ. ಚರ್ಚಿನೊಳಗೆ ಪುಟ್ಟಪುಟ್ಟ ಹೆಜ್ಜೆ ಇಟ್ಟು ನಡೆದದ್ದೇ ನಡೆದದ್ದು.

"ಅಬ್ಬಾ, ಹುಡುಗಿಗೆ ಎಂಥ ಗಾಂಭೀರ್ಯ ಬಂದಿದೆ!" ಅಂದರು ಯಾರೋ. ಉದ್ದ ಕಿಲ್ಟಿನ ಮಹಿಮೆ ಅಂತ ನಾನೂ ಬೀಗಿದೆ.

ಸಂಜೆ ಪಿಟೀಲು ಶುರುವಾಯಿತು. ಐವತ್ತೆರಡನೇ ವಯಸ್ಸಿನ ಮದುಮಗ ಡೂಗಲ್ ಚಿಕ್ಕಪ್ಪ ನನ್ನ ಕೈಹಿಡಿದು ಗಿರ್ರನೆ ತಿರುಗಿಸಿದ. ನನ್ನ ಮೇಲರ್ಧ ತಿರುಗಿತು. ಕೆಳಗಿನರ್ಧ ತಿರುಗಲಿಲ್ಲ! ಅಂಚಿನ ಸಾಲು ಹೊಲಿಗೆ ಹಾಗೇ ಉಳಿದುಬಿಟ್ಟಿತ್ತು.

"ಕಾಲು ಬೀಸೇ!" ಚಿಕ್ಕಪ್ಪ ಕೂಗಿದ.

ಬೀಸಿದರೆ ನೆರಿಗೆ ಹರಿಯುತ್ತದೆ. ನೆರಿಗೆ ಹರಿದರೆ ಕಿಲ್ಟ್ ಮೊರಾಗ್‌ಗೆ. ಅವಳೋ ಎದುರಿಗೇ ನಿಂತು ಕಾಯುತ್ತಿದ್ದಳು. ಎರಡೂ ಕಾಲು ಜೋಡಿಸಿ ಹಾರತೊಡಗಿದೆ. ಕುಣಿಯುವವರ ಸಾಲಿನ ಈ ತುದಿಯಿಂದ ಆ ತುದಿಗೆ, ಶಾಲೆಯ ಗೋಣಿಚೀಲದ ಓಟದ ಹಾಗೆ, ಕುಣಿತ ಮುಗಿಯುವವರೆಗೂ.

ಅಜ್ಜಿ ಕತ್ತರಿ ಹಿಡಿದು ಬಂದು, ನೋಯುವ ಮಂಡಿಯೂರಿ ಅಂಚನ್ನು ತಡವಿದಳು.

"ಬಿಳಿ ದಾರ ಯಾಕೆ ಅಂತ ಈಗ ಗೊತ್ತಾಯ್ತಾ, ಮಹಾರಾಯ್ತಿ?"

"ಆಯ್ತು ಅಜ್ಜಿ..."

"ಮೊರಾಗ್, ಬಾ ಇಲ್ಲಿ ನೋಡು. ಮೇಕೆ ಥರ ಇಷ್ಟು ಹಾರಿದ್ರೂ ಒಂದು ನೆರಿಗೆ ಕದಲಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ! ಇಂಥ ಕೈ ನಮ್ಮ ಮನೇಲಿ ಯಾರಿಗಿದೆ? ಕಿಲ್ಟ್ ಇವ್ಳಿಗೇ."

ನಾನು ಇನ್ನೊಮ್ಮೆ ಹಾರಿದೆ, ಈ ಸಲ ಖುಷಿಗೆ. ಮೊರಾಗ್ ಮಾತ್ರ ಸ್ವಲ್ಪವೂ ಸಪ್ಪಗಾಗಲಿಲ್ಲ.

"ಸರಿಯಾಗೇ ಹೇಳಿದ್ರಿ ಅಜ್ಜಿ," ಅಂದಳು. "ಇಂಥ ಕೈ ಇಟ್ಕೊಂಡು ನಾವ್ಯಾಕೆ ಒದ್ದಾಡ್ಬೇಕು?"

ಹೀಗಾಗಿ ಅಜ್ಜಿಯ ಕಿಲ್ಟ್ ನನ್ನ ಕಪಾಟಿನಲ್ಲಿದೆ. ತಾತನದು, ಅಪ್ಪನದು, ಚಿಕ್ಕಪ್ಪನದು, ಅಣ್ಣನವು ಎರಡು ನನ್ನ ಮಂಚದ ಮೇಲಿವೆ, ಇಸ್ತ್ರಿಗೆ. ಪರೀಕ್ಷೆಗೆ ಓದಬೇಕಾದವಳು ಬಿಳಿ ದಾರ ಪೋಣಿಸುತ್ತಾ ಕೂತಿದ್ದೇನೆ. ಹೊರಗೆ ಮೊರಾಗ್ ತನ್ನ ತವರಿಗೆ ಫೋನ್ ಮಾಡುತ್ತಿದ್ದಾಳೆ: "ನಿಮ್ಮದೂ ಕಳಿಸಿಬಿಡಿ!"