ಮುಯ್ಯಿ ಕಂಪ್ಯೂಟರಿನ ವಯಸ್ಸು

ದ್ರಾಕ್ಷಾಯಿಣಿ: ಹಳೇದು ಅಂತ ಮಾತ್ರ ಒತ್ಬೇಡಿ. ನಮ್ಮ ತವರು ಇನ್ನೂ ಮುಳುಗೋಗಿಲ್ಲ.

ಉದಯಶಂಕರ್: ನಿಮ್ಮ ತವರಿನ ಸುದ್ದಿ ಯಾರೂ ಎತ್ತಿಲ್ಲ ಕಣೇ. ಪ್ರೊಸೆಸರ್ ಯಾವುದು ಅಂತ ಕಂಪ್ಯೂಟರ್ ಕೇಳ್ತಾ ಐತೆ, ಇರೋದನ್ನ ಹೇಳ್ತೀನಿ.

ದ್ರಾಕ್ಷಾಯಿಣಿ: ಇರೋದನ್ನೆಲ್ಲ ಹೇಳ್ಬೇಕು ಅಂತ ಎಲ್ಲೈತೆ? ಹೆಣ್ಣು ನೋಡಕ್ಕೆ ಬಂದಾಗ ನಿಮ್ಮ ಕಡೆಯೋರು ನಿಮ್ಮ ವಯಸ್ಸು ಎಷ್ಟು ಅಂತ ಹೇಳಿದ್ರು?

ಉದಯಶಂಕರ್: ಅದಕ್ಕೂ ಇದಕ್ಕೂ ಏನು ಸಂಬಂಧ?

ದ್ರಾಕ್ಷಾಯಿಣಿ: ಎರಡು ವರ್ಷ ಕಮ್ಮಿ ಹೇಳಿದ್ರು. ಸಂಸಾರ ನಿಂತೋಯ್ತಾ?

ಉದಯಶಂಕರನ ಬೆರಳು ಎಂಟರ್ ಗುಂಡಿಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರಿಗೇನೂ ಕೊರತೆಯಿಲ್ಲ. ಆದರೆ ಕಂಪ್ಯೂಟರಿಗೆ ಕಟ್ಟಿದ ಯಂತ್ರದಲ್ಲಿ ಆಲೆಮರ ಕೊರೆದು ಗೊಂಬೆ ತೆಗೆಯುವ ಹುಚ್ಚು ಹತ್ತಿಸಿಕೊಂಡವನು ಆ ಬೀದಿಯಲ್ಲಿ ಅವನೊಬ್ಬನೇ. ಯಂತ್ರವೇನೋ ಚೆನ್ನಾಗಿತ್ತು. ಅದನ್ನು ಆಡಿಸುವ ಕಂಪ್ಯೂಟರ್ ಮಾತ್ರ ಹೊತ್ತಿಗೆ ಸರಿಯಾಗಿ ಅಪ್ಪಣೆ ಕೊಡುತ್ತಿರಲಿಲ್ಲ. ಆನೆ ಕೊರೆ ಎಂದರೆ ಸೊಂಡಿಲ ಹತ್ತಿರ ಬಂದಾಗ ಒಂದು ಗಳಿಗೆ ತೂಕಡಿಸಿ, ಸೊಂಡಿಲನ್ನು ಬುಡಸಮೇತ ಹಾರಿಸಿ, ಒಂದು ಹೆಗ್ಗಣವನ್ನು ಕೈಗೆ ಕೊಡುತ್ತಿತ್ತು. ಬಣ್ಣ ಹಚ್ಚುವ ಸಮದ್ ಇಂಥ ನಾಲ್ಕೈದನ್ನು ಸಾಲಾಗಿ ನಿಲ್ಲಿಸಿಕೊಂಡು, "ಉದಯಣ್ಣ, ಇವಕ್ಕೆ ಆನೆ ಬಣ್ಣ ಹೊಡೀಲಾ, ಹೆಗ್ಗಣದ ಬಣ್ಣ ಹೊಡೀಲಾ" ಎಂದು ಬಹಳ ವಿನಯದಿಂದ ಕೇಳಿ ಹೋಗಿದ್ದ.

ತಿಳಿದವರನ್ನು ವಿಚಾರಿಸಿದಾಗ ಸಿಕ್ಕಿದ ಉತ್ತರ ಇಷ್ಟು: ಎಲ್ಲ ಕಂಪ್ಯೂಟರಿಗೂ ಆಗಲಿ ಎಂದು ಮಾಡಿಟ್ಟ ಕರ್ನೆಲ್ ನಿನಗೆ ಬೇಡ, ನಿನ್ನ ಪೆಟ್ಟಿಗೆಗೆಂದೇ ಬೇರೆ ಕಂಪೈಲ್ ಮಾಡಿಕೊ, ಅಂದರೆ ಹೊಸದಾಗಿ ತಯಾರಿಸಿಕೊ, ಪ್ರೊಸೆಸರ್ ಮಾತ್ರ ನೋಡಿ ಆರಿಸು. ಒಂದು ಸಲ ಕಂಪೈಲ್ ಆಗಲು ಮೂರು ಗಂಟೆ ಬೇಕು. ಬೆಂಗಳೂರಿನ ಶಾಲೆಗಳಿಗೆ ಆಟಿಕೆ ಒದಗಿಸುವ ಭಾನುಪ್ರಿಯ ಮೇಡಂ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಅವರ ಕಣ್ಣೆದುರು ಒಂದು ಆನೆ ಆನೆಯಾಗಿಯೇ ಹೊರಬಂದರೆ ವರ್ಷದ ಆರ್ಡರು ಇವನದು. ಆಗಲೇ ಹನ್ನೆರಡು ದಾಟಿತ್ತು, ತಪ್ಪಿ ತಿದ್ದಿಕೊಳ್ಳಲು ಪುರುಸೊತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಹೆಂಡತಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುವಾಗ ಪರದೆಯ ಮೇಲಿನ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದ್ದು ಅವನ ಗ್ರಹಚಾರ.

ದ್ರಾಕ್ಷಾಯಿಣಿ: ಮೊದಲು ಆ ಕರ್ನೆಲ್ಲು ಅಂದ್ರೆ ಏನು ಹೇಳಿ.

ಉದಯಶಂಕರ್: ಒಳಗಡೆ ಯಜಮಾನ ಇದ್ದಂಗೆ. ಯಾರು ಯಾವಾಗ ಏನು ಮಾಡ್ಬೇಕು ಅಂತ ಅದೇ ಹೇಳೋದು.

ದ್ರಾಕ್ಷಾಯಿಣಿ: ಹೇಳಿದ್ದನ್ನ ಎಲ್ರೂ ಕೇಳ್ತಾರಾ?

ಉದಯಶಂಕರ್: ಕೇಳ್ದೆ ಏನು ಮಾಡ್ತಾರೆ.

ದ್ರಾಕ್ಷಾಯಿಣಿ: ಹಂಗಾದ್ರೆ ಅದು ಯಜಮಾನ ಅಲ್ಲ, ಯಜಮಾನಿ.

ಉದಯಶಂಕರ್: ಸರಿ ತಾಯಿ, ಯಜಮಾನಿ. ಆ ಯಜಮಾನಿನ ಹೊಸ ಪ್ರೊಸೆಸರ್‌ಗೆ ಅಂತ ತಯಾರು ಮಾಡಿ ಹಳೇದ್ರ ಮೇಲೆ ಕೂರಿಸಿದ್ರೆ, ಹಳೇದ್ರ ಹತ್ರ ಇಲ್ಲದ್ದನ್ನೆಲ್ಲ ಕೇಳ್ತದೆ. ಅದು ಇಲ್ಲ ಅಂತದೆ. ಅಲ್ಲಿಗೆ ಪರದೆ ಕಪ್ಪಗೆ ಕೂತ್ಕೊಬುಡ್ತದೆ.

ದ್ರಾಕ್ಷಾಯಿಣಿ: ಇಲ್ಲ ಅಂದ್ರೆ ಒಸಿ ಸುಧಾರಿಸ್ಕೊಂಡು ಹೋಗ್ಬೇಕಪ್ಪ. ಈ ಮನೇಲಿ ನಾನು ಹೋಗ್ತಾ ಇಲ್ವಾ? ಅಷ್ಟಕ್ಕೂ ಇದು ಹಳೇದು ಅಂತ ನಿಮಗೆ ಹೇಳಿದ್ದು ಯಾರು?

ಉದಯಶಂಕರ್: ಅದೇ ಹೇಳ್ತು.

ದ್ರಾಕ್ಷಾಯಿಣಿ: ನೀವು ಕೇಳಿದ್ರಾ?

ಉದಯಶಂಕರ್: ಒಂದು ಸಾಲು ಟೈಪ್ ಮಾಡ್ದೆ, ಹೇಳ್ತು.

ದ್ರಾಕ್ಷಾಯಿಣಿ: ಮುಯ್ಯಿ ಬಂದ ಪದಾರ್ಥನ ಎದುರಿಗೆ ಕೂರಿಸ್ಕೊಂಡು ನಿನ್ನ ವಯಸ್ಸೆಷ್ಟು ಅಂತ ಕೇಳಿದ್ರಾ? ಗೃಹಪ್ರವೇಶದಲ್ಲಿ ಊರೆಲ್ಲ ನೋಡ್ತಿದ್ದಂಗೆ ನನ್ನ ತಮ್ಮ ಹೂವಿನ ಹಾರ ಹಾಕಿ ತಂದಿಟ್ಟ ಪೆಟ್ಟಿಗೆ ಕಣ್ರೀ ಅದು. ಯಾರಾದ್ರೂ ಮುಯ್ಯಿ ಸೀರೆಗೆ ಬೆಲೆ ವಿಚಾರಿಸ್ತಾರಾ?

ಉದಯಶಂಕರ್: ನಮ್ಮ ಸೋದರತ್ತೆ ಕೊಟ್ಟ ಸೀರೆನ ಅಂಗಡಿಗೆ ಹೊತ್ಕೊಂಡೋಗಿ ಬೆಲೆ ಕೇಳ್ಕೊಂಡು ಬಂದೋರು ಯಾರು?

ದ್ರಾಕ್ಷಾಯಿಣಿ: ಅದು ಸೀರೆ.

ಉದಯಶಂಕರ್: ಇದು?

ದ್ರಾಕ್ಷಾಯಿಣಿ: ಇದು ನನ್ನ ತಮ್ಮ.

ತಮ್ಮ ಎಂದರೆ ಮಾಗಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ರುದ್ರಪ್ರಸಾದ್. ಮುಯ್ಯಿ ಎನ್ನುವುದು ಕೊಟ್ಟು ಮರೆಯುವ ವಸ್ತುವಲ್ಲ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಅಷ್ಟೇ ತೂಕದ್ದನ್ನು ವಾಪಸು ಮಾಡಬೇಕು. ಹೊಸ ಕಂಪ್ಯೂಟರಿಗೆ ಸರಿಸಮ ಆಗಲಿ ಎಂದು ಇವರು ರುದ್ರಪ್ರಸಾದನ ಮಗಳ ನಾಮಕರಣಕ್ಕೆ ಒಂದು ಸೀಮೆ ಹಸುವನ್ನೇ ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗಿದ್ದರು. ಈಗ ಕಂಪ್ಯೂಟರ್ ಹಳೆಯದೆಂದು ಒಪ್ಪಿಕೊಂಡರೆ ತವರಿನ ತಕ್ಕಡಿ ಹಗುರಾಗಿ ಮೇಲೇಳುತ್ತದೆ, ದ್ರಾಕ್ಷಾಯಿಣಿಯ ಸಂಕಟ ಅದು. ಹಸುವಿನ ಮಾತು ಬಂದರೆ ಉದಯಶಂಕರನಿಗೂ ಒಳಗೊಳಗೇ ಒಂದು ಸಂಕಟವಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ದ್ರಾಕ್ಷಾಯಿಣಿ: ಮುಂದುಗಡೆ ಸ್ಟಿಕ್ಕರ್ ನೋಡಿ, ಹೊಸದು ಅಂತ ಫಳಫಳ ಅಂತೈತೆ.

ಉದಯಶಂಕರ್: ಸ್ಟಿಕ್ಕರು ನಿನ್ನ ತಮ್ಮನ ಅಂಗಡೀಲಿ ಹಾಳೆಗಟ್ಟಲೆ ಬಿದ್ದೈತೆ. ಅವನ ಸ್ಕೂಟರ್‌ಗೂ ಒಂದು ಅಂಟಿಸವ್ನೆ.

ದ್ರಾಕ್ಷಾಯಿಣಿ: ಸ್ಕೂಟರ್ ಓಡ್ತಾ ಇಲ್ವಾ?

ಉದಯಶಂಕರ್: ದಾಕ್ಷಿ, ಒಸಿ ಗಡಿಯಾರ ನೋಡು. ನಿಂಗೆ ಆನೆ ಬೇಕಾ, ಹೆಗ್ಗಣ ಬೇಕಾ?

ದ್ರಾಕ್ಷಾಯಿಣಿ: ಮರ್ಯಾದೆ ಬೇಕು. ಅವನನ್ನೇ ಕೇಳನ ತಡೀರಿ. ನೀವು ಆ ಪ್ರಶ್ನೆ ಓದಿದಾಗ್ಲೇ ಫೋನ್ ಮಾಡಿದೀನಿ, ರಾಮನಗರ ದಾಟವ್ನೆ.

ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿದ್ದಕ್ಕೆ ಬಾಮೈದನನ್ನು ಮಾಗಡಿಯಿಂದ ಕರೆಸಿದ ಮನೆ ಇಡೀ ಜಿಲ್ಲೆಯಲ್ಲಿ ಇದೊಂದೇ ಇರಬೇಕು. ರುದ್ರಪ್ರಸಾದ್ ಕಾರಿಳಿದು ಬಂದವನೇ ಚಪ್ಪಲಿ ಬಿಟ್ಟು, ಪೆಟ್ಟಿಗೆಯ ನೆತ್ತಿ ಸವರಿ, ಕುರ್ಚಿ ಎಳೆದುಕೊಂಡು ಕೂತ.

ರುದ್ರಪ್ರಸಾದ್: ಏನ್ ಭಾವ, ನಮ್ಮ ಪೆಟ್ಟಿಗೆ ಹೆಂಗೈತೆ?

ಉದಯಶಂಕರ್: ರುದ್ರ, ಇದರೊಳಗೆ ಇರೋ ಪ್ರೊಸೆಸರ್ ಹೊಸದೋ ಹಳೇದೋ, ಒಂದು ಮಾತು ಹೇಳ್ಬುಡಪ್ಪ. ನನ್ನ ಕೆಲ್ಸ ನಿಂತೈತೆ.

ರುದ್ರಪ್ರಸಾದ್ ಅಕ್ಕನ ಮುಖ ನೋಡಿದ. ಅಕ್ಕ ಅವರೆಕಾಯಿ ಬಿಟ್ಟು ಇವನನ್ನೇ ನೋಡುತ್ತಿದ್ದಳು.

ರುದ್ರಪ್ರಸಾದ್: ಸ್ಟಿಕ್ಕರ್ ಐತಲ್ಲ ಭಾವ.

ಉದಯಶಂಕರ್: ಸ್ಟಿಕ್ಕರ್ ಬಂದು ಆನೆ ಕೊರೆಯಲ್ಲ.

ರುದ್ರಪ್ರಸಾದ್: ಹೊಸದು ಅಂತಲೇ ಹಾಕಿ.

ಉದಯಶಂಕರ್: ಹಾಕಿದ್ರೆ ಎದ್ದೇಳ್ತದಾ?

ರುದ್ರಪ್ರಸಾದ್: ಗೌರವ ಕೊಟ್ರೆ ಯಾರು ತಾನೆ ಎದ್ದೇಳಲ್ಲ?

ದ್ರಾಕ್ಷಾಯಿಣಿ: ಕೇಳಿಸ್ಕೊಂಡ್ರಾ?

ಉದಯಶಂಕರ್: ಅಂಗಡೀಲಿ ಗಿರಾಕಿಗಳಿಗೂ ಹಿಂಗೇ ಹೇಳ್ತೀಯೇನೋ?

ರುದ್ರಪ್ರಸಾದ್: ಗಿರಾಕಿಗಳಿಗೆ ನಿಜ ಹೇಳ್ತೀನಿ ಭಾವ. ನೀವು ನೆಂಟರು.

ಉದಯಶಂಕರ್ ಹಣೆ ಚಚ್ಚಿಕೊಂಡ. ಬಾಮೈದ ಮಾತ್ರ ತಾನು ಬಂದದ್ದೇ ರಾಜಿ ಮಾಡಿಸಲು ಎಂಬಂತೆ ಪರದೆಯತ್ತ ಬಗ್ಗಿದ.

ರುದ್ರಪ್ರಸಾದ್: ಹಿಂಗ್ ಮಾಡನ. ಹಳೇದೂ ಬ್ಯಾಡ, ಹೊಸದೂ ಬ್ಯಾಡ. ಪಟ್ಟೀಲಿ ನಡುಮಧ್ಯೆ ಒಂದೈತಲ್ಲ, ಅದನ್ನ ಒತ್ಬುಡಿ. ನಿಮ್ಮ ಮಾತೂ ಉಳೀತು, ಅಕ್ಕನ ಮಾತೂ ಉಳೀತು.

ಉದಯಶಂಕರ್: ಇದೇನು ಅಣ್ಣತಮ್ಮಂದಿರು ಹೊಲ ಪಾಲು ಹಾಕ್ಕೊಂಡಂಗಾ? ಮಧ್ಯದ್ದು ಇನ್ಯಾರದೋ ಪ್ರೊಸೆಸರ್ ಕಣೋ.

ರುದ್ರಪ್ರಸಾದ್: ಯಾರದು?

ಉದಯಶಂಕರ್: ಯಾರದಾದ್ರೂ ಆಗ್ಲಿ, ನಮ್ಮದಲ್ಲ.

ದ್ರಾಕ್ಷಾಯಿಣಿ: ಯಾರದೋ ಮನೆ ಹೆಸರು ನಮ್ಮ ಪೆಟ್ಟಿಗೆಗೆ ಯಾಕೆ? ಅದು ಬೇಡವೇ ಬೇಡ.

ಉದಯಶಂಕರ್: ಪುಣ್ಯಾತ್ಗಿತ್ತಿ, ಒಂದಕ್ಕಾದ್ರೂ ಬೇಡ ಅಂದ್ಯಲ್ಲ.

ಹೀಗೆ ಎಳೆದಾಡುವಷ್ಟರಲ್ಲಿ ಗೋಡೆಯ ಗಡಿಯಾರ ಒಂದೂವರೆ ತೋರಿಸಿತು. ಉದಯಶಂಕರ್ ಅದನ್ನು ನೋಡಿದ, ಬೆರಳನ್ನು ಎಂಟರ್ ಗುಂಡಿಯಿಂದ ತೆಗೆದ. ಕೈಯಲ್ಲಿ ಗೊಂಬೆ ತಿರುವುವವರ ಬೀದಿಗೆ ಯಂತ್ರ ತಂದವನೆಂದು ಎರಡು ವರ್ಷ ನಗೆಪಾಟಲಾಗಿದ್ದ. ಈ ಆರ್ಡರು ಕೈತಪ್ಪಿದರೆ ಯಂತ್ರದ ಮೇಲೆ ಗೋಣಿತಾಟು ಹೊದಿಸಿ ಬಿಡದಿಯ ಯಾವುದಾದರೂ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುವುದೇ ಗತಿ.

ಉದಯಶಂಕರ್: ಮುಗೀತು ಬುಡಿ. ಇನ್ನು ಯಾವುದು ಒತ್ತಿದ್ರೂ ನಾಲ್ಕಕ್ಕೆ ಆಗಲ್ಲ. ಇಬ್ರೂ ನೆಮ್ಮದಿಯಾಗಿ ಊಟ ಮಾಡಿ.

ಭಾವನ ಮುಖ ನೋಡಿ ರುದ್ರಪ್ರಸಾದನಿಗೆ ನಿಜವಾಗಿಯೂ ಅಯ್ಯೋ ಎನಿಸಿತು. ಅಯ್ಯೋ ಎನಿಸಿದಾಗ ಮನುಷ್ಯ ಬಾಯಿ ಮೇಲೆ ಹಿಡಿತ ಕಳೆದುಕೊಳ್ಳುತ್ತಾನೆ.

ರುದ್ರಪ್ರಸಾದ್: ಭಾವ, ಯಾಕಿಂಗೆ ಕೂತ್ರಿ? ಇದರಲ್ಲೇ ಕಂಪೈಲ್ ಮಾಡ್ಬೇಕು ಅಂತ ಏನೈತೆ? ಅಡುಗೆ ಎಲ್ಲಿ ಮಾಡಿದ್ರೇನು, ಉಣ್ಣೋರು ಯಾರು ಅಂತ ಗೊತ್ತಿದ್ರೆ ಸಾಕು. ಕಾರಲ್ಲಿ ನನ್ನ ಲ್ಯಾಪ್‌ಟಾಪ್ ಐತೆ. ಅದರಲ್ಲಿ ಕಾಫಿ ಕುಡಿಯೋದ್ರಲ್ಲಿ ಆಗೋಯ್ತದೆ. ಪೆನ್‌ಡ್ರೈವಲ್ಲಿ ತಂದು ಇದಕ್ಕೆ ಹಾಕ್ಬುಡನ.

ಉದಯಶಂಕರ್ ತಲೆಯೆತ್ತಿದ. ಆದರೆ ಮಾತು ಬಂದದ್ದು ಅವರೆಕಾಯಿಯ ಕಡೆಯಿಂದ.

ದ್ರಾಕ್ಷಾಯಿಣಿ: ಕಾಫಿ ಕುಡಿಯೋದ್ರಲ್ಲಿ ಆಗೋದನ್ನ ನೀನು ಕಾರಲ್ಲಿ ಇಟ್ಕೊಂಡು, ಮೂರು ಗಂಟೆದನ್ನ ಅಕ್ಕನಿಗೆ ಕೊಟ್ಟಾ?

ರುದ್ರಪ್ರಸಾದ್: ಅಂಗಲ್ಲಕ್ಕ, ಇದು ಹಳೇ ಕಾಲದ ಗಟ್ಟಿ ಮಾಲು...

ದ್ರಾಕ್ಷಾಯಿಣಿ: ಹಳೇ ಕಾಲದ್ದು. ನಿನ್ನ ಬಾಯಲ್ಲೇ ಬಂತು.

ರುದ್ರಪ್ರಸಾದ್: ಭಾವನ ಯಂತ್ರದ ಅಗಲದ ವೈರು ಚುಚ್ಚಕ್ಕೆ ಹೊಸ ಕಂಪ್ಯೂಟರಲ್ಲಿ ಜಾಗಾನೇ ಇರಲ್ಲಕ್ಕ. ಅದಕ್ಕೇ ನೋಡಿ ಕೊಟ್ಟೆ.

ದ್ರಾಕ್ಷಾಯಿಣಿ: ಗೃಹಪ್ರವೇಶದ ದಿನ ಯಂತ್ರ ಎಲ್ಲಿತ್ತೋ? ಅದು ಬಂದಿದ್ದೇ ಮುಂದಿನ ವರ್ಷ. ಇಂಥದ್ದಕ್ಕೆ ನಾವು ಒಂದೇ ಕರು ಹಾಕಿದ, ಮೊದಲನೇ ಸೂಲಿನ ಹಸು ಕೊಟ್ಟು ಬಂದ್ವಿ.

ರುದ್ರಪ್ರಸಾದ್: ಮೊದಲನೇ ಸೂಲಾ? ಒಸಿ ಭಾವನ್ನ ಕೇಳು.

ದ್ರಾಕ್ಷಾಯಿಣಿ: ಅವರನ್ನ ಯಾಕೆ ಕೇಳಲಿ?

ರುದ್ರಪ್ರಸಾದ್: ಹೋಗ್ಲಿ ಬುಡು, ವಯಸ್ಸು ಅದೇ ಹೇಳ್ತು.

ದ್ರಾಕ್ಷಾಯಿಣಿ: ಹಸು ಹೇಳ್ತಾ?

ರುದ್ರಪ್ರಸಾದ್: ಬಾಯಿ ಬಿಡ್ತು. ಹಲ್ಲೆಲ್ಲ ಸವೆದು ನುಣ್ಣಗಾಗಿತ್ತು.

ಉದಯಶಂಕರ್: ಮುಯ್ಯಿ ಬಂದ ಹಸೂನ ಬಾಯಿ ತೆಗೆದು ನೋಡ್ತಾರೇನೋ? ನಿಮ್ಮ ಮನೇಲಿ ಇದನ್ನೇ ಕಲಿಸಿದ್ದಾ?

ರುದ್ರಪ್ರಸಾದ್: ನಾನು ತೆಗೀಲಿಲ್ಲ ಭಾವ. ಅದೇ ತಾನಾಗಿ ಆಕಳಿಸ್ತು.

ದ್ರಾಕ್ಷಾಯಿಣಿ ಗಂಡನ ಕಡೆ ತಿರುಗಿದಳು. ಉದಯಶಂಕರನಿಗೆ ಕೀಬೋರ್ಡಿನ ಸಂದಿಯಲ್ಲಿ ಬಹಳ ಧೂಳು ಕೂತಿರುವುದು ಆಗಲೇ ಕಂಡಿತು.

ದ್ರಾಕ್ಷಾಯಿಣಿ: ಮೊದಲನೇ ಸೂಲು ಅಂದ್ರಲ್ರೀ.

ಉದಯಶಂಕರ್: ನಮ್ಮ ಕೊಟ್ಟಿಗೆಗೆ ಬಂದ್ಮೇಲೆ ಮೊದಲನೇದೇಯ.

ರುದ್ರಪ್ರಸಾದ್: ಹೋಗ್ಲಿ ಬುಡಿ ಭಾವ. ಹಳೇದಕ್ಕೆ ಹಳೇದು, ಚುಕ್ತಾ ಆಯ್ತು.

ದ್ರಾಕ್ಷಾಯಿಣಿ: ಚುಕ್ತಾ ನಿಮ್ಮಿಬ್ರಿಗೆ. ಎರಡು ಮನೆ ಮಾನಾನೂ ತಲೆ ಮೇಲೆ ಹೊತ್ಕೊಂಡು ಬೆಳಗಿಂದ ಜಗಳ ಆಡ್ತಿರೋಳು ನಾನು. ಲೋ ರುದ್ರ, ಲ್ಯಾಪ್‌ಟಾಪ್ ತಗೊಂಬಾ.

ರುದ್ರಪ್ರಸಾದ್: ಕಂಪೈಲ್ ಮಾಡಕ್ಕೆ ತಾನೆ ಅಕ್ಕ?

ದ್ರಾಕ್ಷಾಯಿಣಿ: ಮೊದಲು ಮಾಡು. ಆಮೇಲೆ ಅದು ಯಾರ ಮನೇಲಿ ಇರಬೇಕು ಅಂತ ಮಾತಾಡನ.

ಲ್ಯಾಪ್‌ಟಾಪ್ ಬಂತು. ಪರದೆಯ ಮೇಲೆ ಅದೇ ಪ್ರಶ್ನೆ ಬಂತು. ರುದ್ರಪ್ರಸಾದನ ಬೆರಳು ಅಭ್ಯಾಸಬಲದಿಂದ ಹೊಸದರ ಕಡೆಗೇ ಸರಿಯಿತು.

ದ್ರಾಕ್ಷಾಯಿಣಿ: ಉಣ್ಣೋದು ಯಾರು?

ರುದ್ರಪ್ರಸಾದ್: ಹಳೇದು.

ದ್ರಾಕ್ಷಾಯಿಣಿ: ಸರಿ ಹಂಗಾದ್ರೆ.

ಅವಳೇ ಕೈ ಚಾಚಿ, ಅವರೆಕಾಯಿಯ ಸೊಗಡು ಮೆತ್ತಿದ ಬೆರಳಿನಿಂದ ಒತ್ತಿದಳು. ಕಾಫಿ ಲೋಟ ಖಾಲಿಯಾಗುವುದಕ್ಕೂ ಕಂಪೈಲ್ ಮುಗಿಯುವುದಕ್ಕೂ ಸರಿಹೋಯಿತು. ಪೆನ್‌ಡ್ರೈವ್ ಚುಚ್ಚಿ, ಹೊಸ ಕರ್ನೆಲ್ ಕೂರಿಸಿ ಎಬ್ಬಿಸಿದರೆ ಮುಯ್ಯಿ ಪೆಟ್ಟಿಗೆ ಒಂದೇ ಕೂಗಿಗೆ ಎದ್ದಿತು.

ನಾಲ್ಕಕ್ಕೆ ಭಾನುಪ್ರಿಯ ಮೇಡಂ ಬಂದರು. ಯಂತ್ರ ಶುರುವಾಯಿತು. ಮೊದಲು ಬೆನ್ನು, ಆಮೇಲೆ ಕಿವಿ. ಸೊಂಡಿಲ ಹತ್ತಿರ ಬಂದಾಗ ಉದಯಶಂಕರ್ ಯಂತ್ರದ ಮೇಲೆ ಬಗ್ಗಿದ. ಉಳಿ ಎಲ್ಲೂ ತೂಕಡಿಸಲಿಲ್ಲ. ಸೊಂಡಿಲು ನೀಟಾಗಿ ಇಳಿದು, ತುದಿಯಲ್ಲಿ ಒಂದು ಸುತ್ತು ಸುತ್ತಿಕೊಂಡು ನಿಂತಿತು. ಅವನ ಕಣ್ಣಲ್ಲಿ ನೀರಾಡಿತು, ಮರದ ಪುಡಿ ಬಿತ್ತೆಂದು ಒರೆಸಿಕೊಂಡ. ಮೇಡಂ ಆನೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ಕಂಪ್ಯೂಟರಿನ ಪರದೆಯ ಕಡೆ ಬಗ್ಗಿದರು.

ಭಾನುಪ್ರಿಯ: ಆನೆ ತುಂಬಾ ಚೆನ್ನಾಗಿದೆ ಸರ್. ಆದರೆ ಇಲ್ಲಿ ತುಂಬ ಹಳೆಯ ಪ್ರೊಸೆಸರ್ ಹೆಸರು ತೋರಿಸ್ತಿದೆಯಲ್ಲ? ಕಂಪ್ಯೂಟರ್ ಅಷ್ಟು ಹಳೆಯದಾದರೆ ವರ್ಷದ ಆರ್ಡರ್ ನಂಬಿ ಹೇಗೆ ಕೊಡೋದು?

ಉದಯಶಂಕರ್ ಪರದೆಗೆ ಅಡ್ಡ ಬಂದ. ರುದ್ರಪ್ರಸಾದ್ ಮೆಲ್ಲಗೆ ಸ್ಟಿಕ್ಕರಿನ ಪಕ್ಕಕ್ಕೆ ಸರಿದು ನಿಂತ. ದ್ರಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು.

ದ್ರಾಕ್ಷಾಯಿಣಿ: ಹಳೇದಾ? ನನ್ನ ತಮ್ಮ ಮುಯ್ಯಿ ಕೊಟ್ಟಿದ್ದು ಮೇಡಂ, ಹೊಚ್ಚ ಹೊಸದು. ದೊಡ್ಡ ಮನೆತನದಿಂದ ಬಂದೈತೆ ನೋಡಿ, ಒಸಿ ಸಂಕೋಚ ಜಾಸ್ತಿ. ಹಳೇದು ಅಂತ ಹೇಳ್ಕೊಂಡ್ರೇನೇ ಅದು ಕೆಲ್ಸ ಮಾಡೋದು.