ಗಂಡನ ಹೆಲ್ಮೆಟ್ಟಿಗೊಂದು ಹೆಡ್‌ಸೆಟ್

ಗಂಡ ಹೆಂಡತಿ ದಿನವೂ ಒಂದೇ ಬೈಕಿನಲ್ಲಿ ಕೆಲಸಕ್ಕೆ ಹೋಗುವವರಾದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಗು ಬರುವುದು ಮಾತ್ರ ಗಾಡಿಯಿಂದ ಇಳಿದ ಮೇಲೆ. ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ನಾನು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಟೀಚರ್, ನಮ್ಮ ಯಜಮಾನರು ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತರು.

ಹೂಂ

ಹಿಂದಿನ ಸೀಟಿನಲ್ಲಿ ಕೂತು ನಾನು ದಾರಿಯುದ್ದಕ್ಕೂ ಮಾತಾಡುತ್ತೇನೆ. ಅವರು ಎಲ್ಲಕ್ಕೂ "ಹೂಂ" ಅನ್ನುತ್ತಾರೆ. ಇಷ್ಟು ಒಪ್ಪುವ ಗಂಡ ಯಾರಿಗುಂಟು ಅಂದುಕೊಂಡು ನಾನೂ ಸಂತೋಷವಾಗಿದ್ದೆ.

ಒಂದು ಬೆಳಿಗ್ಗೆ ತೆರಕಣಾಂಬಿ ದಾಟಿದ ಮೇಲೆ ನನ್ನ ಸೆರಗು ಜಾರಿ ಚಕ್ರದ ಕಡೆಗೆ ಎಳೆದಂತಾಯಿತು.

"ರೀ, ನಿಲ್ಸಿ, ಸೀರೆ" ಎಂದೆ.

"ಹೂಂ" ಎಂದರು. ಗಾಡಿ ಓಡುತ್ತಲೇ ಇತ್ತು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಿಂದಲೇ ಅವರ ಬೆನ್ನಿಗೆ ಗುದ್ದಿದೆ. ಆಗ ನಿಲ್ಲಿಸಿದರು. ಸೆರಗಿನ ಅಂಚು ಹರಿದು ಗ್ರೀಸ್ ಮೆತ್ತಿಕೊಂಡಿತ್ತು. 

"ಬಾಯಿ ಬಿಟ್ಟು ಹೇಳ್ಬಾರ್ದಾ?"

"ಹೇಳ್ದೆ. ನೀವು ಹೂಂ ಅಂದ್ರಿ."

"ರಾತ್ರಿ ಸಾರಿಗೇನು ಹಾಕ್ಲಿ ಅಂತ ಕೇಳ್ತಿದ್ದೀಯ ಅನ್ಕೊಂಡೆ."

"ಅದಕ್ಕೂ ಹೂಂ ಅನ್ನೋದೇ ಉತ್ತರಾನಾ?"

ಅಂಗಡಿ

ಹೆಲ್ಮೆಟ್ಟಿನೊಳಗೇ ಮೈಕು, ಸ್ಪೀಕರು ಇಟ್ಟುಕೊಂಡು ಮಾತಾಡುವ ಹೆಡ್‌ಸೆಟ್ ಸಿಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಊಟಿಗೆ, ಕೇರಳಕ್ಕೆ ಹೋಗುವ ಬೈಕಿನವರು ನಿಲ್ಲುವ ಹೈವೇ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಒಂದೊಂದನ್ನೇ ತೆಗೆದು ತೋರಿಸಿದ.

"ಇದ್ರಲ್ಲಿ ಒಂದು ಕಿಲೋಮೀಟರ್ ದೂರದಿಂದ್ಲೂ ಮಾತಾಡ್ಬೋದು ಸಾರ್."

"ನಮ್ಮೆಜಮಾನ್ತಿ ಕೂರೋದು ಒಂದು ಗೇಣು ದೂರದಲ್ಲಿ ಕಣಪ್ಪ" ಎಂದರು ಇವರು.

"ಹಂಗಾರೆ ಇದು ನೋಡಿ. ಬೇಡದ ಸದ್ದನ್ನೆಲ್ಲ ತಡೀತದೆ."

"ಬೇಡದ್ದು ಯಾವ್ದು ಅಂತ ಅದಕ್ಕೆ ಹೆಂಗೆ ಗೊತ್ತಾಯ್ತದೆ?"

ನಾನು ಇವರ ಮುಖ ನೋಡಿದೆ. ಇವರು ಪೆಟ್ಟಿಗೆ ನೋಡಿದರು.

ಕೊನೆಗೆ ಗಾಳಿಯ ಸದ್ದು ತಡೆಯುವುದನ್ನೇ ಆರಿಸಿದೆವು. ಪರೀಕ್ಷೆ ಮಾಡಲು ನಾನೊಂದು ಹೆಲ್ಮೆಟ್ ಹಾಕಿಕೊಂಡು ರಸ್ತೆಯಲ್ಲಿ ನಿಂತಿದ್ದ ಈರುಳ್ಳಿ ಲಾರಿಯ ಆಚೆಗೆ ಹೋದೆ. ಒಳ್ಳೇ ಅವಕಾಶ ಅನ್ನಿಸಿ ಮೆಲ್ಲಗೆ ಹೇಳಿದೆ: "ರೀ, ಅವ್ನು ಬಾಯಿಗೆ ಬಂದ ರೇಟು ಹೇಳ್ತಾವ್ನೆ. ಬೇಡ ಅಂತ ಎದ್ದು ಬಂದ್ಬುಡಿ. ತಾನೇ ಕರೀತಾನೆ."

ಇನ್ನೊಂದು ಹೆಲ್ಮೆಟ್ಟನ್ನು ಅಂಗಡಿಯವನೇ ಹಾಕಿಕೊಂಡಿದ್ದ ಎಂದು ನನಗೆ ಗೊತ್ತಿರಲಿಲ್ಲ. ಕಿವಿಯಲ್ಲಿ ಬಹಳ ಮರ್ಯಾದೆಯ ದನಿ ಬಂತು: "ಕರೀತಾ ಇದ್ದೀನಿ, ಬನ್ನಿ ಮೇಡಂ."

ಎಡಗಡೆ

ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಸಂಜೆ ವಾಪಸ್ ಬರುವಾಗ ಇವರು, "ಎಡಗಡೆ ಸ್ಪೀಕರ್ ಮೊದ್ಲಿಂದ್ಲೂ ಸತ್ತದೆ. ನಾಳೆ ಅಂಗಡಿಗೆ ವಾಪಸ್ ಕೊಡನ" ಎಂದರು. ಗಾಡಿ ನಿಲ್ಲಿಸಿ ಹೆಲ್ಮೆಟ್ ಬದಲಾಯಿಸಿಕೊಂಡು ನೋಡಿದೆವು. ನನಗೆ ಎರಡೂ ಕಡೆ ಚೆನ್ನಾಗಿ ಕೇಳಿಸಿತು. ಇವರಿಗೆ ನನ್ನ ಹೆಲ್ಮೆಟ್ಟಿನಲ್ಲೂ ಎಡಗಡೆ ಸತ್ತೇ ಇತ್ತು.

ಮತ್ತೆ ಹೊರಟೆವು.  ಸ್ವಲ್ಪ ದೂರ ಹೋದ ಮೇಲೆ ಅವರ ದನಿ ಮೆಲ್ಲಗೆ ಕೇಳಿಸಿತು: "ಹಂಗಾರೆ ಕಿವೀನೇ ಕಣೆ. ನಂಗೂ ಅನುಮಾನ ಇತ್ತು. ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು."

"ಮನೇಲಿ ಯಾಕೆ ಹೇಳ್ಲಿಲ್ಲ?"

"ಮನೇಲಿ ನೀನು ಮುಖ ನೋಡ್ತೀಯ."

 ಅವರ ಬೆನ್ನಿಗೆ ಒರಗಿ ಕೂತೆ. ಅಷ್ಟು ದಿನ ಆ "ಹೂಂ"ಗಳ ಹಿಂದೆ ಇಷ್ಟೊಂದು ಹೆದರಿಕೆ ಇತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಇಬ್ಬರೂ ರಜೆ ಹಾಕಿ ಡಾಕ್ಟರ ಹತ್ತಿರ ಹೋದೆವು. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಕಿವುಡೂ ಇಲ್ಲ ಏನೂ ಇಲ್ಲ, ಗುಗ್ಗೆ ಗಟ್ಟಿಯಾಗಿ ಕೂತಿದೆ" ಎಂದು ತೆಗೆದುಹಾಕಿದರು. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡಿದ ಇವರು ಗಾಬರಿಯಾಗಿ ನೇರ ಮೆಕ್ಯಾನಿಕ್ ಹತ್ತಿರ ಹೋದರು. "ಇವತ್ತಿಂದ ಎಂಜಿನ್ ಏನೋ ಕರಕರ ಅಂತದೆ, ನೋಡಪ್ಪ."

ಮೆಕ್ಯಾನಿಕ್ ಕಿವಿಗೊಟ್ಟು ಕೇಳಿದ. "ಸಾರ್, ಇದು ಹೋದ ವರ್ಷದ ಸದ್ದು."

ಗುಟ್ಟು

ನಮ್ಮತ್ತೆಗೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ ಅಂದರೆ ಸಾಕು, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಮೈಸೂರಿಗೆ ಕರೆದುಕೊಂಡು ಹೋಗುವುದೋ, ಚಾಮರಾಜನಗರದಲ್ಲೇ ಮಾಡಿಸುವುದೋ ಎಂದು ನಾವು ತೀರ್ಮಾನಿಸಬೇಕಿತ್ತು. ಆದರೆ ಚಿಕ್ಕ ಮನೆ, ಅವರಿಗೆ ಕೇಳಿಸದಂತೆ ಮಾತಾಡಲು ಜಾಗವಿಲ್ಲ. ನನಗೆ ಬೇಸಿಗೆ ರಜೆ, ಬೈಕಿನ ಮೇಲೆ ಮಾತಾಡುವ ಹಾಗೂ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಇವರಿಗೆ ಉಪಾಯ ಹೊಳೆಯಿತು. ಹೆಲ್ಮೆಟ್ ಹಾಕಿಕೊಂಡು ಇವರು ತಾರಸಿಗೆ ಹೋದರು. ನಾನು ಹೆಲ್ಮೆಟ್ ಹಾಕಿಕೊಂಡು ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತ ನಿಂತೆ.

ನಿಶ್ಚಿಂತೆಯಾಗಿ ಎಲ್ಲ ಮಾತಾಡಿದೆವು. ಅತ್ತೆ ಎಷ್ಟು ಹೆದರಿದ್ದಾರೆ, ಹೆದರಿಸದೆ ಒಪ್ಪಿಸುವುದು ಹೇಗೆ, ಮೊದಲು ನಾದಿನಿಯ ಮನೆಯಲ್ಲಿರುವ ಮೊಮ್ಮಗಳನ್ನು ನೋಡಲು ಅಂತ ಮೈಸೂರಿಗೆ ಹೊರಡಿಸಿ ಆಮೇಲೆ ಆಸ್ಪತ್ರೆಗೆ ಹೋದರೆ ಹೇಗೆ, ಎಲ್ಲ. ಕಿವಿ ಮುಚ್ಚಿಕೊಂಡವರು ತಮಗೇ ತಿಳಿಯದೆ ಎಷ್ಟು ಜೋರಾಗಿ ಮಾತಾಡುತ್ತಾರೆ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಯಾರೋ ಹೆಲ್ಮೆಟ್ ತಟ್ಟಿದಂತಾಯಿತು. ತೆಗೆದು ತಿರುಗಿದೆ. ಅತ್ತೆ ನಿಂತಿದ್ದರು. ಹೆದರಿಕೆಯೇನೂ ಕಾಣಲಿಲ್ಲ; ಏನೋ ತೀರ್ಮಾನಕ್ಕೆ ಬಂದಂತಿದ್ದರು.

"ಸುಳ್ಳೇಳಿ ಯಾಕೆ ಕರ್ಕೊಂಡೋಗೀರಿ? ಮೈಸೂರ್ಗೇ ಓಗನ ಕಣವ್ವ" ಎಂದರು. "ಎದ್ರುಮನೆಯವ್ರೂ ಅದೇ ವಾಸಿ ಅಂತಾವ್ರೆ. ಪಕ್ಕದ್ಮನೆಯೋಳು ಮಾತ್ರ ಚಾಮರಾಜನಗರ ಅಂದ್ಲು."