ಕಾಕಾನ ಹನ್ನೊಂದು ರೇಸ್ ಮೋಟಾರು

ಇದನ್ನ ಯಾರ ಮುಂದೂ ಹೇಳಬ್ಯಾಡ ಅಂತ ನನ್ನ ಕಡಿಂದ ಎರಡು ಸಲ ಆಣಿ ತಗೊಂಡಾರ. ಒಂದು ಸಲ ಕಾಕಾ, ನನ್ನ ಪುಸ್ತಕದ ಮ್ಯಾಲ ಕೈ ಇಡಿಸಿ. ಇನ್ನೊಂದು ಸಲ ಕಾಕಾನ ಅಪ್ಪ, ನಮ್ಮ ಮುತ್ಯಾ, ವಿಭೂತಿ ಮುಟ್ಟಿಸಿ. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನಗದೇನು ಕಷ್ಟ ಅಲ್ಲ, ಮನಿಗೆ ಮಂದಿ ಬಂದ್ರ ಜೋಳದ ಚೀಲದ ಹಿಂದ ಕುಂತು ಓದಾಕಿ ನಾನು. ಆದ್ರ ಈಗ ಕಾಕಾ ಸಿಕಂದರಾಬಾದಿಗೆ ವರ್ಗ ಆಗಿ ಹೋಗ್ಯಾನ. ಮಾಳಗಿ ಮ್ಯಾಲಿನ ಅವನ ಖೋಲ್ಯಾಗ ಮೆಣಸಿನಕಾಯಿ ಚೀಲ ಬಿದ್ದಾವ. ಅದರ ಮುಂದ ಹಾದು ಹೋದಾಗೆಲ್ಲ ನನಗ ಸೀನು ಬರ್ತದ, ಸೀನಿನ ಹಿಂದ ನಗಿ ಬರ್ತದ. ಒಬ್ಬಾಕಿನೇ ನಕ್ಕೋತ ನಿಂತ್ರ ಅವ್ವ ಹುಚ್ಚಿ ಅಂತಾಳ. ಅದಕ್ಕ ಹೇಳಿಬಿಡ್ತೀನಿ. ಒಬ್ಬ ಮನುಷ್ಯಾ ಸಣ್ಣ ಮೋಟಾರು ಕೂಡಿಸಾಕ ಹತ್ತಿದ ಅಂದ್ರ, ಆ ಮನ್ಯಾಗ ಇಂಥಾವು ಒಂದರ ಹಿಂದ ಒಂದು ಆಗ್ಕೋತನೇ ಇರ್ತಾವ.

೧. ಮಗುವಿನ ವಯಸ್ಸು

ಕಾಕಾ ನಮ್ಮಪ್ಪನ ತಮ್ಮ. ಕಲಬುರಗಿ ಟೇಶನ್ನಿನಾಗ ಪಾರ್ಸಲ್ ಬಾಬು ಇದ್ದ. ಮಂದಿ ಪಾರ್ಸಲ್ ಬಿಡಿಸಿಕೊಡೋದು ಅವನ ನೌಕರಿ, ತನ್ನ ಪಾರ್ಸಲ್ ದಾರಿ ಕಾಯೋದು ಅವನ ಜೀವ. ವರ್ಷಕ್ಕ ಎರಡೋ ಮೂರೋ ಮುಂಬೈಯಿಂದ ಬರ್ತಿದ್ದವು. ಬಿಚ್ಚಿದ್ರ ಒಳಗ ಅಂಗೈಯಷ್ಟು ರೇಸ್ ಮೋಟಾರು. ಅದನ್ನ ಆಟಿಗಿ ಸಾಮಾನು ಅಂದ್ರ ಕಾಕಾಗ ಸಿಟ್ಟು ಬರ್ತಿತ್ತು. ವಿಲಾಯತಿಯೊಳಗ ರೇಸಿಗೆ ಬಿಟ್ಟ ಖರೇ ಮೋಟಾರನ್ನ ಅಳತಿ ಹಿಡದು, ನಲವತ್ತು ಪಾಲಿನಾಗ ಒಂದು ಪಾಲು ಮಾಡ್ಯಾರ ಅಂತಿದ್ದ. ಗಾಲಿಗೆ ತಂತಿ ಕಡ್ಡಿ, ಮೂತಿಗೆ ಜಾಲರಿ, ಡ್ರೈವರ್ ಕುಂಡ್ರೋ ಕಡಿ ಕಡ್ಲಿಕಾಳಿನಷ್ಟು ಗಡಿಯಾರ, ಹೊಟ್ಟ್ಯಾಗ ಕೀಲಿ ಕೊಡೋ ಯಂತ್ರ. ಫ್ರಾನ್ಸಿನವು ನೀಲಿ, ಇಟಲಿವು ಕೆಂಪು, ಇಂಗ್ಲೆಂಡಿನವು ಹಸಿರು, ಜರ್ಮನಿವು ಬೆಳ್ಳಿ ಬಣ್ಣ. ಸೊಲ್ಲಾಪುರದ ಆಚಿಗೆ ಹೋಗದ ನಾನು ದೇಶಗೋಳನ್ನ ಬಣ್ಣದ ಮ್ಯಾಲೇ ಕಲ್ತೆ. ಸಾಲ್ಯಾಗ ಉರ್ದು ಓದತಿದ್ದೆ, ಇಂಗ್ಲಿಷು ನನಗ ಬಂದದ್ದು ಆ ಮುಂಬೈ ಅಂಗಡಿ ಕ್ಯಾಟಲಾಗಿನಿಂದ. ಐತವಾರ ಮಧ್ಯಾಹ್ನ ಕಾಕಾ ಚಾಪಿ ಹಾಸಿ ಮೋಟಾರು ಸಾಲಾಗಿ ನಿಲ್ಲಸಾಂವ, ನಾ ಪಾರಿವಾಳದ ಪುಕ್ಕದಿಂದ ಗಾಲಿಗೆ ಎಣ್ಣಿ ಬಿಡಾಕಿ. ಆ ಎಣ್ಣಿ ವಾಸನಿ ಇವತ್ತಿಗೂ ಹೊಲಿಗಿ ಮಷೀನಿನ ಹತ್ತರ ಹೋದ್ರ ಬರ್ತದ, ಅಲ್ಲೇ ಸ್ವಲ್ಪ ಹೊತ್ತು ನಿಲ್ತೀನಿ.

ಒಂದು ನೀಲಿ ಮೋಟಾರು ಬಂತು. ಚಿತ್ರದಾಗ ಗಾಲಿಗೆ ಹದಿನಾರು ಕಡ್ಡಿ, ನಮ್ಮದರ ಒಂದು ಗಾಲಿಗೆ ಹದಿನೈದು. ನನ್ನ ಕಣ್ಣು ಚುರುಕು ಅಂತ ಕಾಕಾ ಮೂರು ಸಲ ನನ್ನ ಕಡಿಂದ ಎಣಿಸಿದ. ಆಮ್ಯಾಲ ಅಂಗಡಿಗೆ ಕಾಗದ ಬರದ. ಅವರು ಭಾಳ ಮರ್ಯಾದಿಯಿಂದ ಜವಾಬು ಕೊಟ್ಟರು: ತಪ್ಪಾಗೇದ, ಬ್ಯಾರೆ ಗಾಲಿ ಕಳಸ್ತೀವಿ, ಜೋಡಿಗೆ ಮಗುವಿನ ವಯಸ್ಸು ತಿಳಿಸಿದ್ರ ಸಮಾಧಾನಕ್ಕ ಒಂದು ಸಣ್ಣ ಸಾಮಾನೂ ಕಳಸ್ತೀವಿ.

ಎರಡು ದಿನ ಕಾಕಾ ಆ ಕಾಗದ ಕಿಸ್ಯಾಗ ಇಟ್ಕೊಂಡು ಅಡ್ಡಾಡಿದ. ಅವಗ ಸುಳ್ಳು ಹೇಳಾಕ ಬರ್ತಿರಲಿಲ್ಲ. ಮೂರನೇ ದಿನ, ಖರೇ ಇದ್ದದ್ದೇ ಬರಿ ಅಂದ. ನಾ ಇಪ್ಪತ್ತಾರು ಅಂತ ಅಂಕಿಯಾಗ ಬರದೆ.

ತಿಂಗಳಿಗೆ ಪಾರ್ಸಲ್ ಬಂತು. ಗಾಲಿ ಇತ್ತು. ಗಾಲಿ ಜೋಡಿ ಒಂದು ಗಿಲಕಿ, ಒಂದು ಬುಗುರಿ ಇತ್ತು. ಚೀಟ್ಯಾಗ ಬರದಿದ್ದರು: ವಯಸ್ಸು ಎರಡೋ ಆರೋ ತಿಳಿಯಲಿಲ್ಲ, ಅದಕ್ಕ ಎರಡಕ್ಕೂ ಹೊಂದೋದು ಕಳಿಸೀವಿ.

೨. ಬಾವಿಗೆ ಹೋಗಬೇಕಾದದ್ದು

ಮುತ್ಯಾಗ ಗಂಜಿನಾಗ, ಕಾಳಿನ ಪ್ಯಾಟ್ಯಾಗ, ತೊಗರಿ ಅಡತಿ ದುಕಾನ. ಅವನ ಸಂಕಟ ಬ್ಯಾರೆ ಇತ್ತು. ಕಾಕಾಗ ಹೆಣ್ಣು ಕೊಡ್ತೀವಂತ ಬಂದ ಮೂರು ಮನಿಯವರು ಹಿಂದ ಸರದಿದ್ದರು. ಹುಡುಗ ಛಲೋ ಹಾನ, ನೌಕರಿ ಅದ, ಆದ್ರ ಇನ್ನಾ ಆಡ್ತಾನ ಅಂತ ಊರ ತುಂಬ ಮಾತು. ಒಂದು ಮುಂಜಾನಿ ಮುತ್ಯಾ ಕಾಕಾನ ಖೋಲಿಗೆ ಹೋಗಿ ನೀಲಿ ಮೋಟಾರು ಎತ್ತಿ ರುಮಾಲಿನಾಗ ಕಟ್ಟಿಕೊಂಡ. ಇದು ಇವತ್ತು ಗಂಜಿನ ಬಾವಿಗೆ ಹೋಗ್ತದ, ಉಳದವು ನಾಳಿಗೆ ಅಂತ ಹೇಳಿ ಹೊಂಟ. ಕಾಕಾ ಹೆಣಾ ಎತ್ತಿದವರಂಗ ಮಾರಿ ಮಾಡ್ಕೊಂಡು ಡ್ಯೂಟಿಗೆ ಹೋದ.

ಮಧ್ಯಾಹ್ನ ಮುತ್ಯಾನ ಬುತ್ತಿ ಒಯ್ಯೋದು ನನ್ನ ಪಾಳಿ. ದುಕಾನದ ಮುಂದ ಗದ್ದಲಾ ಗದ್ದಲ. ವ್ಯಾಪಾರಿಗೋಳು, ಹಮಾಲರು, ತೂಕ ಮಾಡಾಂವ, ಎಲ್ಲಾರೂ ಕುಕ್ಕರಗಾಲಿಲೆ ಕುಂತಾರ. ಎರಡು ತೊಗರಿ ರಾಶಿ ನಡುವ ಹಲಗಿ ಹಾಕ್ಯಾರ. ಈ ಕಡಿ ರಾಶಿ ಮ್ಯಾಲ ಮುತ್ಯಾ, ಕೈಯಾಗ ನೀಲಿ ಮೋಟಾರು, ಕೀಲಿ ಕೊಡಾಕತ್ತಾನ. ನನ್ನ ನೋಡಿ ನೆಟ್ಟಗ ಕುಂತು, ಬುತ್ತಿ ಇಟ್ಟು ಹೋಗು, ಹೆಣ್ಮಕ್ಕಳಿಗೆ ಗಂಜಿನಾಗ ಏನು ಕೆಲಸ ಅಂದ.

ಸಂಜಿಗೆ ಮನಿಗೆ ಬಂದು ರುಮಾಲು ಬಿಚ್ಚಿ ಮೋಟಾರು ಕಾಕಾನ ಮುಂದ ಇಟ್ಟ. ಕಾಕಾ ತಲಿ ತಗ್ಗಿಸಿ ಬೈಗಳಕ್ಕ ಕಾದ. ಅವ್ವ ಒಲಿ ಊದೋದು ಬಿಟ್ಟಳು.

"ಮುಂದಿನ ಗಾಲಿ ನೋಡು," ಅಂದ ಮುತ್ಯಾ. "ಎಡಕ್ಕ ಎಳೀತದ."

೩. ಐದು ಬೊಗಸಿ ಅಕ್ಕಿ

ಆಮ್ಯಾಲ ಕಮಲಾಪುರದ ಮಾತು ಬಂತು. ಕಾಕಾ ಹೋಗಿ ಹುಡುಗಿ ನೋಡಿ ಬಂದು, ನಾಕು ದಿನ ಕ್ಯಾಟಲಾಗು ಮುಟ್ಟಲಿಲ್ಲ. ನಮಗ ತಿಳೀತು. ಈಗ ಹುಡುಗಿ ಕಡಿಯವರು ನಮ್ಮ ಮನಿ ನೋಡಾಕ ಬರೋದಿತ್ತು. ಮುತ್ಯಾ ಕಾಕಾನ ಕರದು ಸಾವಕಾಶ ಹೇಳಿದ. ಒಂದು ಗಾಲಿ ಅವರ ಕಣ್ಣಿಗೆ ಬಿದ್ದು ಈ ಮಾತು ಮುರೀತು ಅಂದ್ರ ಎಲ್ಲಾ ಖರೇನೇ ಬಾವಿಗೆ ಹೋಗ್ತಾವ, ಮತ್ತ ಇನ್ನೊಂದು ಹೆಣ್ಣು ತಾ ಹುಡುಕಾಂವಲ್ಲ.

ಮುಚ್ಚಿಡೋ ಕೆಲಸ ನನಗ ಬಂತು. ಆಗ ನನಗ ಹತ್ತು ವರ್ಷ. ಹಸಿರುವು ಕುಂಬಳಕಾಯಿ ಹಿಂದ, ಕೆಂಪುವು ಕಟಗಿ ರಾಶ್ಯಾಗ, ನೀಲಿವು ಮುತ್ಯಾನ ಹೆಂಡ್ತಿ ಆಯಿ ಹಾಸಿಗಿ ಸುರಳ್ಯಾಗ. ಹನ್ನೊಂದನೇದು ಬೆಳ್ಳಿ ಬಣ್ಣದ್ದು, ಹಿಂದಿನ ವಾರನೇ ಬಂದಿತ್ತು, ಮುತ್ಯಾ ಅದನ್ನ ಇನ್ನಾ ನೋಡಿರಲಿಲ್ಲ. ಕಾಕಾ ಅದನ್ನ ಉಸರು ಹಿಡದು ಮುಟ್ಟತಿದ್ದ. ಅದಕ್ಕ ಹೊಗಿ ಹತ್ತಬಾರದು, ಥಂಡಿ ಹತ್ತಬಾರದು. ನಾ ಭಾಳ ವಿಚಾರ ಮಾಡಿ ಅಕ್ಕಿ ಡಬ್ಬಿಯೊಳಗ ಹುಗದೆ. ನಮ್ಮ ಮನ್ಯಾಗ ಎರಡೂ ಹೊತ್ತು ಜೋಳದ ರೊಟ್ಟಿ. ಅಕ್ಕಿ ಡಬ್ಬಿಗೆ ಹಬ್ಬ ಬಂದ್ರ ಮಾತ್ರ ಕೈ ಹೋಗೋದು. ಅದಕ್ಕಿಂತ ಜೋಪಾನ ಜಾಗಾ ಕಲಬುರಗ್ಯಾಗೇ ಇರಲಿಲ್ಲ.

ಹುಡುಗಿ ಅಪ್ಪ, ಅವನ ಅಕ್ಕ, ಇಬ್ಬರು ಬಂದರು. ಈ ಅಕ್ಕ ಹುಡುಗಿಗೆ ಸೋದರತ್ತಿ, ಬಳಿಯಂಥಾ ಮೂಗುತಿ, ಗಟ್ಟಿ ದನಿ. ಬಾವಿ ನೋಡಿದಳು, ದನದ ಕೊಟಗಿ ನೋಡಿದಳು, ಕಾಕಾನ ಮಂಚದ ಕೆಳಗೂ ಬಗ್ಗಿ ನೋಡಿದಳು. ಎಲ್ಲಾ ಪಸಂತ ಬಂತು. ಹೊಂಡೋ ಹೊತ್ತಿಗೆ ಅವ್ವ ಆಕಿನ್ನ ಮಣಿ ಮ್ಯಾಲ ಕುಂಡ್ರಿಸಿ ಕುಂಕುಮ ಹಚ್ಚಿದಳು. ಮನಿಗೆ ಬಂದ ಮುತ್ತೈದಿನ್ನ ಉಡಿ ತುಂಬದೇ ಕಳಸ್ತಾರೇನು. ಖಣ, ಕೊಬ್ಬರಿ ಬಟ್ಟಲ, ಅರಿಶಿಣ ಬೇರು, ಅದರ ಜೋಡಿ ಐದು ಬೊಗಸಿ ಅಕ್ಕಿ.

ಹಿರಿಯಾಕಿ ಅಂತ ಆಯಿನೇ ತುಂಬಿದಳು. ಆಯಿ ಕಣ್ಣಿಗೆ ಪೊರಿ ಬಂದಿತ್ತು. ಮೂರನೇ ಬೊಗಸ್ಯಾಗ ಬೆಳ್ಳಿ ಮೂತಿ ಒಂದು ಸಲ ಹೊಳದು, ಸೋದರತ್ತಿ ಸೆರಗಿನಾಗ ಮುಣಗ್ತು. ಕೈಗೆ ಗಟ್ಟಿ ಹತ್ತಿತ್ತು, ಸೊಸಿ ಇನ್ನೊಂದು ಕೊಬ್ಬರಿ ಬಟ್ಟಲ ಇಟ್ಟಾಳ ಅಂದ್ಕೊಂಡೆ ಅಂತ ಆಯಿ ಆಮ್ಯಾಲ ನನಗೊಬ್ಬಾಕಿಗೇ ಹೇಳಿದಳು. ಸೋದರತ್ತಿ ದೇವರ ಕಡಿ ನೋಡಿಕೋತ ಕುಂತಿದ್ದಳು, ನೋಡಲೇ ಇಲ್ಲ. ಬಾಗಲದಾಗ ನಿಂತ ಕಾಕಾ ನೋಡಿದ, ನಾ ನೋಡಿದೆ. ಉಡಿಗೆ ಬಿದ್ದದ್ದನ್ನ ವಾಪಸ್ ಕೇಳೋ ಹಂಗಿಲ್ಲ, ಕೈ ಹಾಕಿ ನೋಡೋ ಹಂಗೂ ಇಲ್ಲ. ಆಕಿ ಸೆರಗು ಗಂಟು ಹಾಕಿ ಟೊಂಕಕ್ಕ ಸಿಗಿಸಿಕೊಂಡು ಟಾಂಗಾ ಹತ್ತಿದಳು.

ಕಾಕಾ ಟಾಂಗಾದ ಹತ್ತರ ನಿಂತ. ಎಷ್ಟು ತಡಕೊಂಡ್ರೂ ಕಣ್ಣಾಗ ನೀರು ಇಳೀತು. ಹುಡುಗಿ ಅಪ್ಪ ಅವನ್ನ ನೋಡಿ, ಮುತ್ಯಾನ ಕಡಿ ತಿರುಗಿ ಹೇಳಿದ: ಹೆಣ್ಣು ಕೊಟ್ಟು ಕಳಸೋವಾಗ ನಾವು ಅಳೋದು ಉಂಟು, ಆದ್ರ ಹೆಣ್ಣಿನ ಸೋದರತ್ತಿ ಹೊಂಟಾಳಂತ ಅಳೋ ಗಂಡು ನಾ ಇದೇ ಮೊದಲ ನೋಡಿದ್ದು.

೪. ಕೆಂಪು ಬಾಳೆಹಣ್ಣು

ಎಂಟು ದಿನ ಕಾಕಾಗ ರೊಟ್ಟಿ ಸೇರಲಿಲ್ಲ. ಒಂಬತ್ತನೇ ದಿನ ಕಮಲಾಪುರದ ಸಂತಿ. ಅಣ್ಣನ ಮಗಳು ಕೆಂಪು ಬಾಳೆಹಣ್ಣು ಬೇಕಂತ ಹಟಾ ಹಿಡದಾಳ ಅಂತ ನನ್ನ ನೆಪ ಮಾಡಿ ಬಸ್ಸು ಹತ್ತಿಸಿದ. ನಾ ಯಾವತ್ತೂ ಹಟಾ ಹಿಡದಾಕಿ ಅಲ್ಲ. ಸಂತಿಗೆ ಬಂದಿದ್ದೆವು, ಹಂಗೇ ಮಾತಾಡಿಸಿ ಹೋಗೋಣ ಅಂತ ಬಂದೆವು ಅನ್ನಬೇಕು, ನಾ ಅಡಗಿ ಮನಿಗೆ ಹೋಗಿ ಹೆಣ್ಮಕ್ಕಳ ಹತ್ತರ ಸಣ್ಣ ದನಿಲೆ ಮೋಟಾರು ಕೇಳಬೇಕು. ಇದು ಕಾಕಾನ ಹಂಚಿಕಿ. ಕೇಳಾಕಿ ನಾನು ಅನ್ನೋದು ಅವ ಮರತಿದ್ದ.

ನಾ ಬಾಯಿ ತೆರದೆ, ಸೋದರತ್ತಿ ಕೈಯಾಗ ಬಾಳೆಹಣ್ಣು ಇಟ್ಟಳು. ತಿಂದು ಮತ್ತ ಬಾಯಿ ತೆರದೆ, ಇನ್ನೊಂದು ಇಟ್ಟಳು. ಹಸದಾಳ ಕೂಸು ಅಂದಳು. ಐದು ಹಣ್ಣಿನ ಮ್ಯಾಲ ನಾ ಬಾಯಿ ತೆರಿಯೋದು ಬಿಟ್ಟೆ.

ಕೈ ತೊಳಿಯಾಕ ಮದಲಗಿತ್ತಿ ಆಗೋ ಹುಡುಗಿ ಹಿತ್ತಲಕ್ಕ ಕರಕೊಂಡು ಹೋದಳು. ನೀರು ಹಾಕ್ಕೋತ, ನನ್ನ ಮಾರಿ ನೋಡದೇ ಕೇಳಿದಳು.

"ಅದು ಎಷ್ಟು ಸುತ್ತು ಕೀಲಿ ತಗೋತದ?"

ಹನ್ನೊಂದು ಅಂದೆ.

"ಹನ್ನೆರಡು ತಗೋತದ," ಅಂದಳು. "ಸಾವಕಾಶ ತಿರುವಬೇಕು."

ಅಷ್ಟರಾಗ ಪಡಸಾಲಿಯಿಂದ ಕರದರು. ಹೋಗಿ ನೋಡಿದ್ರ ಹಿತ್ತಾಳಿ ತಾಟಿನಾಗ ಬೆಳ್ಳಿ ಮೋಟಾರು, ಮೂತಿಗೆ ಕುಂಕುಮ. ತಾಟು ಕಾಕಾನ ಮುಂದ. ಸೋದರತ್ತಿ ಭಾಳ ಸಂಕೋಚದಿಂದ ಹೇಳಿದಳು: ಉಡಿ ಅಕ್ಕಿ ಆರಸೋವಾಗ ಸಿಕ್ತು, ಊರಾಗ ಹಿರೇರನ್ನೆಲ್ಲ ಕೇಳಿದೆವು, ಯಾರಿಗೂ ಈ ಪದ್ಧತಿ ಗೊತ್ತಿಲ್ಲ. ಹೈದರಾಬಾದ್ ನೋಡಿ ಬಂದ ಒಬ್ಬರು ಮಾತ್ರ ಪ್ಯಾಟಿ ಮಂದಿ ಹಿಂಗ ಮಾಡತಾರ ಅಂದರು. ತಿರುಗಿ ನಾವೇನು ಕೊಡಬೇಕು ಅಂತ ತಿಳೀದೇ ಎಂಟು ದಿನದಿಂದ ನಾಚಿಕಿ ಆಗೇದ.

ಎಲ್ಲಾರೂ ಕಾಕಾನ ನೋಡಿದರು. ಅವನ ಕಣ್ಣು ಮೋಟಾರಿನ ಮ್ಯಾಲ. ಖರೇ ಹೇಳಿದ್ರ ಮೋಟಾರು ಬರ್ತದ, ಹುಡುಗಿ ಹೋಗ್ತಾಳ. ಸುಮ್ಮ ಇದ್ರ ಹುಡುಗಿ ಬರ್ತಾಳ, ಮೋಟಾರು ಇಲ್ಲೇ ಉಳೀತದ. ಸುಳ್ಳು ಬಾರದ ಮನುಷ್ಯಾ, "ಅದು ನಂ..." ತನಕ ಬಂದ.

ಆಗ ತುಂಬಿದ ಪಡಸಾಲ್ಯಾಗ, ಪರಮಂದಿ ಮುಂದ ನಾ ಜನ್ಮದಾಗ ಮೊದಲನೇ ಸಲ ಬಾಯಿ ಬಿಟ್ಟೆ.

"ನಮ್ಮ ಕಡಿ ಪದ್ಧತಿರಿ. ಹುಡುಗಿ ಲಗ್ನ ಆಗಿ ಬರೋವಾಗ ಅದನ್ನ ತನ್ನ ಉಡಿಯಾಗ ವಾಪಸ್ ತರಬೇಕ್ರಿ."

ಬಾಗಲದ ಮರಿಗೆ ಬಳಿ ಸಪ್ಪಳ ಆತು, ಯಾರೋ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಸೋದರತ್ತಿ ದೊಡ್ಡ ಉಸರು ಬಿಟ್ಟು ತಮ್ಮಗ ಹೇಳಿದಳು: ಹಂಗಾದ್ರ ಇದೇ ತಿಂಗಳು ಲಗ್ನ ಮಾಡಿಬಿಡು, ಮುರಕೊಳ್ಳೋ ಸಾಮಾನು ಅದ, ನಾ ಎಷ್ಟು ದಿನ ಅಂತ ಕಾಯಲಿ.

೫. ಮಾಳಗಿ ಖೋಲಿ

ಲಗ್ನ ಆತು. ಮದಲಗಿತ್ತಿ ನಮ್ಮ ಹೊಸ್ತಲಾ ದಾಟಿ ಒಳಗ ಬಂದಾಗ ಆಕಿ ಉಡಿಯಾಗ, ಅಕ್ಕಿ ಮ್ಯಾಲ, ಎಲ್ಲಾರಿಗೂ ಕಾಣೋ ಹಂಗ ಬೆಳ್ಳಿ ಮೋಟಾರು. ಈಗ ಮುತ್ಯಾ ಏನಂತಾನೋ ಅಂತ ನಾ ಕಂಬ ಹಿಡಕೊಂಡು ನಿಂತೆ. ಮುತ್ಯಾ ಬಗ್ಗಿ ನೋಡಿದ. ಅವನ ಮಾರಿ ಅರಳ್ತು. ಕಮಲಾಪುರದ ಮಂದಿ ಎಂಥಾ ಛಲೋ ಪದ್ಧತಿ ಇಟ್ಕೊಂಡಾರ, ಅಳಿಯಾಗ ಏನು ಸೇರ್ತದ ಅಂತ ತಿಳಕೊಂಡು ತಂದಾರ ಅಂತ ಅವ್ವನ ಮುಂದ ಹೇಳಿದ. ಹೆಣ್ಣಿನ ಕಡಿಯವರೇ ತಂದ ಮ್ಯಾಲ ಇನ್ನು ಮುಚ್ಚಿಡೋದು ಯಾಕಂತ ಉಳದ ಹತ್ತನ್ನೂ ತಾನೇ ಹೊರಗ ತಗಿಸಿ ಕಾಕಾನ ಖೋಲ್ಯಾಗ ಇಡಿಸಿದ. ಆ ಕಡಿ ಸೋದರತ್ತಿ ಕಮಲಾಪುರದ ಹೆಣ್ಮಕ್ಕಳಿಗೆ ಹೇಳಾಕತ್ತಿದ್ದಳು, ಕಲಬುರಗಿಯವರ ಪದ್ಧತಿ ನಡೆಸಿಕೊಟ್ಟೆವು, ಈಗ ನಮ್ಮ ಊರಾಗೂ ಎರಡು ಲಗ್ನಕ್ಕ ಉಡಿ ಮೋಟಾರು ತರಸಾಕತ್ತಾರ, ಬೀಗರ ಕಡಿಂದ ಮುಂಬೈ ಅಂಗಡಿ ಪತ್ತಾ ಕೇಳಬೇಕು. ಪಡಸಾಲ್ಯಾಗ ಒಂದು ತುದಿಗೆ ಮುತ್ಯಾ, ಇನ್ನೊಂದು ತುದಿಗೆ ಸೋದರತ್ತಿ. ನಾ ನಡುವ ನೀರು ಕೊಡೋ ನೆಪದಾಗ ಇಬ್ಬರೂ ಹತ್ತರ ಬರದಂಗ ಅಡ್ಡಾಡಿದೆ. ಅಷ್ಟು ನೀರು ನಮ್ಮ ಬೀಗರು ಯಾವ ಲಗ್ನದಾಗೂ ಕುಡದಿಲ್ಲ.

ಊಟಕ್ಕ ಎಲಿ ಹಾಕಿದರು. ಮದಲಗಿತ್ತಿ ಟ್ರಂಕು ಮ್ಯಾಲಿಡಾಕ ಅಂತ ಮಾಳಗಿಗೆ ಹೋಗಿದ್ದಳು, ಟ್ರಂಕು ಎತ್ತಿಕೊಡಾಕ ಅಂತ ಕಾಕಾ ಹೋಗಿದ್ದ. ಇಬ್ಬರೂ ಇಳಿದು ಬರಲಿಲ್ಲ. ಮದಲಮಕ್ಕಳು ತುತ್ತು ಎತ್ತದೇ ಬೀಗರು ಉಣ್ಣಾಂಗಿಲ್ಲ. ಬಡಿಸಿದ ಹೋಳಿಗಿ ಮ್ಯಾಲಿನ ತುಪ್ಪ ಗಟ್ಟಿ ಆಗಾಕತ್ತಿತ್ತು. ಮ್ಯಾಲಿಂದ ಕಿರ್ ಕಿರ್ ಸಪ್ಪಳ, ಹಲಗಿ ಮ್ಯಾಲ ಏನೋ ಉಳ್ಳಿದಂಗ, ಆಮ್ಯಾಲ ಗ್ವಾಡಿಗೆ ಟಣ್ ಅಂತ ಬಡದಂಗ.

ಸೋದರತ್ತಿ ಎದ್ದಳು. ಈ ಕಡಿಂದ ಮುತ್ಯಾನೂ ಎದ್ದ. ಎರಡು ತಂಬಿಗಿ ಹಿಡಕೊಂಡು ನಾ ಅವರ ಹಿಂದ ಮೆಟ್ಟಲಾ ಹತ್ತಿದೆ. ಖೋಲಿ ಬಾಗಲಾ ಒಳಗಿಂದ ಹಾಕಿತ್ತು. ಮೂರೂ ಮಂದಿ ನಿಂತು ಕೇಳಿದೆವು. ಹಸಿರುದು ನಂದು, ಮುಟ್ಟಬ್ಯಾಡ್ರಿ ಅಂತ ಮದಲಗಿತ್ತಿ ದನಿ ಬಂತು. ಆಮ್ಯಾಲ ಕಾಕಾ ನಕ್ಕದ್ದು. ಕಾಕಾ ಹಂಗ ನಕ್ಕದ್ದು ನಾ ಅದಕ್ಕಿಂತ ಮೊದಲ ಕೇಳಿರಲಿಲ್ಲ.

ಸೋದರತ್ತಿ ಸೆರಗು ಸರಿ ಮಾಡ್ಕೊಂಡು ಮುತ್ಯಾನ ಕೇಳಿದಳು. "ಇದೂ ನಿಮ್ಮ ಪದ್ಧತಿ ಏನ್ರಿ, ಬೀಗರ?"

"ನಮ್ಮದಲ್ರಿ," ಅಂದ ಮುತ್ಯಾ. "ಮೋಟಾರಿಂದು ಎಲ್ಲಾ ನಿಮ್ಮ ಊರ ಪದ್ಧತಿ ಅಲ್ಲೇನ್ರಿ ಮತ್ತ?"

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದರು. ಭಾಳ ಹೊತ್ತು ನೋಡಿದರು. ಆಮ್ಯಾಲ ಇಬ್ಬರೂ ಕೂಡೇ, ಸಾವಕಾಶ, ನನ್ನ ಕಡಿ ತಿರುಗಿದರು.

ನಾ ತಂಬಿಗಿ ಕೆಳಗಿಟ್ಟು, ಎರಡೂ ಕೈಲೆ ಬಾಗಲಾ ಬಡದೆ. "ಕಾಕಾ, ತಗಿಯೋ."

ಒಳಗ ಮತ್ತ ಕಿರ್ ಕಿರ್ ಅಂತ ಕೀಲಿ ತಿರಗಾಕತ್ತಿತು, ಸಾವಕಾಶ, ಹನ್ನೆರಡು ಸುತ್ತು.